ಇಳಿತ ಎಷ್ಟು ಹೊತ್ತಿಗೆ ಎಂದು ಬರೆದ ಒಂದು ಹಲಗೆ ಹಾಕಿಸಿ, ಸ್ವಾಮಿ

ಕರಾವಳಿ ಪ್ರವಾಸೋದ್ಯಮದ ಹೊಣೆ ಹೊತ್ತ ಮಾನ್ಯ ಸಚಿವರಿಗೆ,

ನಮಸ್ಕಾರಗಳು.

ಗೋಕರ್ಣದಿಂದ ತದಡಿಯವರೆಗಿನ ಕಡಲಂಚಿನ ಕಾಲುದಾರಿ ತಮಗೆ ಗೊತ್ತಿಲ್ಲದ್ದಲ್ಲ. ಕರಾವಳಿಯ ಭಾಷಣಗಳಲ್ಲಿ ಅದಕ್ಕೊಂದು ಸಾಲು ಮೀಸಲಿದ್ದೇ ಇರುತ್ತದೆ. ನಾವು ಕೇಳುತ್ತಿರುವುದು ಒಂದೇ. ಈ ದಾರಿ ಬಂಡೆಗೆ ಇಳಿಯುವ ಪ್ರತಿ ಜಾಗದಲ್ಲೂ ಆ ದಿನದ ಭರತ-ಇಳಿತದ ಹೊತ್ತು ಬರೆದ ಹಲಗೆ ಬೇಕು. ಸೇತುವೆ ಬೇಡ, ರೋಪ್‌ವೇ ಬೇಡ, ಗಾಜಿನ ನಡಿಗೆದಾರಿಯಂತೂ ಬೇಡವೇ ಬೇಡ. ಹಲಗೆ ಸಾಕು.

ದಾರಿ ಹೀಗಿದೆ. ಗೋಕರ್ಣದ ಮುಖ್ಯ ಕಡಲತೀರದ ದಕ್ಷಿಣದ ತುದಿಯಲ್ಲಿ ಗುಡ್ಡ ಹತ್ತಿ ಕುಡ್ಲೆ ಕಡಲತೀರಕ್ಕೆ ಇಳಿಯಬೇಕು. ಅಲ್ಲಿಂದ ಮತ್ತೊಂದು ಗುಡ್ಡ ದಾಟಿದರೆ ಓಂ ಕಡಲತೀರ. ಇಷ್ಟಕ್ಕೆ ಯಾರ ಸಹಾಯವೂ ಬೇಡ. ಚಾ ಅಂಗಡಿ ಇದೆ, ಜೀವರಕ್ಷಕರಿದ್ದಾರೆ, ದಾರಿ ತಪ್ಪಿದರೆ ಹೇಳುವ ಜನರಿದ್ದಾರೆ. ಕಷ್ಟ ಶುರುವಾಗುವುದು ಓಂ ದಾಟಿದ ಮೇಲೆ. ಹಾಫ್ ಮೂನ್ ಕಡಲತೀರಕ್ಕೆ ಹೋಗುವ ದಾರಿ ಗುಡ್ಡದ ಅಂಚಿನಲ್ಲಿ ಒಬ್ಬರು ನಡೆಯುವಷ್ಟೇ ಅಗಲ. ಹಾಫ್ ಮೂನಿನಿಂದ ಪ್ಯಾರಡೈಸ್ ಕಡಲತೀರಕ್ಕೆ ಎರಡು ದಾರಿ: ಒಂದು ಮೇಲೆ ಕುರುಚಲು ಕಾಡಿನಲ್ಲಿ, ಇನ್ನೊಂದು ಕೆಳಗೆ ನೀರಂಚಿನ ಬಂಡೆಗಳ ಮೇಲೆ. ಮೇಲಿನದು ಕವಲೊಡೆದು ಗೊಂದಲ ಮಾಡುತ್ತದೆ, ಕೆಳಗಿನದು ಕಣ್ಣಿಗೆ ಸಲೀಸಾಗಿ ಕಾಣುತ್ತದೆ. ಹಾಗಾಗಿ ಹೊಸಬರು ಕೆಳಗಿನದನ್ನೇ ಹಿಡಿಯುತ್ತಾರೆ. ಅಲ್ಲೇ ಬೀಳುತ್ತಾರೆ.

ಏಕೆ ಬೀಳುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇವೆ. "ಕುಡಿದು ಬಿದ್ದರು" ಎಂದು ಬರೆದು ಕಡತ ಮುಚ್ಚುವುದು ಸುಲಭ, ಗೊತ್ತು. ಮೇಲಿನ ಗುಡ್ಡ ಚೀರೆಕಲ್ಲಿನದು. ಅದು ಸವೆದು ಉದುರಿದ ಹರಳು ಇಳಿಜಾರಿನ ತುಂಬ ಹರಡಿರುತ್ತದೆ. ಅದರ ಮೇಲೆ ಕಾಲಿಡುವುದೆಂದರೆ ಅಡಿಕೆ ಹರವಿದ ಅಂಗಳದಲ್ಲಿ ಓಡಿದ ಹಾಗೆ. ಬೆನ್ನಿಗೆ ಭಾರದ ಚೀಲ, ಕಾಲಿಗೆ ರಬ್ಬರ್ ಚಪ್ಪಲಿ, ಕೈಯಲ್ಲಿ ಫೋನು ಇದ್ದವರು ಇಲ್ಲಿ ಕುಂಡೆ ಊರದೆ ಇಳಿಯಲಾರರು. ಕಡಿದಾದ ಕಡೆ ಬಂಡೆಗೆ ಮುಖ, ಕಡಲಿಗೆ ಬೆನ್ನು ಮಾಡಿ, ಎರಡು ಕೈ ಒಂದು ಕಾಲು ಅಥವಾ ಎರಡು ಕಾಲು ಒಂದು ಕೈ ಯಾವಾಗಲೂ ಕಲ್ಲಿಗೆ ತಾಗಿರುವಂತೆ ಇಳಿಯಬೇಕು. ಕೆಳಗೆ ಬಂದ ಮೇಲೆ ಬಂಡೆಯ ಬಣ್ಣ ನೋಡಬೇಕು. ಒಣಗಿ ಬೂದು ಬಣ್ಣಕ್ಕೆ ತಿರುಗಿದ ಕಲ್ಲು ಕಾಲು ಹಿಡಿಯುತ್ತದೆ. ಕಪ್ಪಗೆ ಹೊಳೆಯುವುದು ಪಾಚಿ ಕಟ್ಟಿದ್ದು, ದಿನಕ್ಕೆರಡು ಸಲ ನೀರು ಹತ್ತುವ ಜಾಗ. ಅಲ್ಲಿ ಎಂಥ ಬೂಟೂ ನಿಲ್ಲುವುದಿಲ್ಲ. ಬರಿಗಾಲಾದರೆ ಕಲ್ಲಿಗಂಟಿದ ಚಿಪ್ಪುಗಳು ಅಂಗಾಲನ್ನು ಸೀಳುತ್ತವೆ.

ಈ ಕಪ್ಪು ಪಟ್ಟಿ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದೇ ಇಡೀ ದಿನದ ಲೆಕ್ಕ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನಮ್ಮ ಕಡೆ ದೊಡ್ಡ ಭರತ ಬರುವುದು ನಡುಹಗಲಿನ ಹತ್ತಿರ. ರಾತ್ರಿ ಬಸ್ಸಿಳಿದು, ತಿಂಡಿ ತಿಂದು, ನಿಧಾನಕ್ಕೆ ಹೊರಟವರು ಬಂಡೆಗೆ ತಲುಪುವುದೂ ಅದೇ ಹೊತ್ತಿಗೆ. ನೀರು ಒಂದೇ ಸಮನೆ ಏರುವುದೂ ಇಲ್ಲ. ಆರು ಗಂಟೆಯ ಏರಿಕೆಯಲ್ಲಿ ಮೊದಲ ಗಂಟೆ ಏರುವುದು ಹನ್ನೆರಡರಲ್ಲಿ ಒಂದು ಪಾಲು, ಗಮನಕ್ಕೂ ಬರುವುದಿಲ್ಲ. ಮೂರನೆಯ, ನಾಲ್ಕನೆಯ ಗಂಟೆಗಳಲ್ಲೇ ಅರ್ಧಕ್ಕರ್ಧ ನೀರು ಏರಿಬಿಡುತ್ತದೆ. ಆಗ ಹಿಂದಿನ ಕಲ್ಲೂ ಮುಳುಗಿ, ಮುಂದಿನ ಕಲ್ಲೂ ಮುಳುಗಿ ಜನ ನಡುವೆ ಸಿಕ್ಕಿಕೊಳ್ಳುತ್ತಾರೆ. ಇಳಿತದ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ ಬಂಡೆಗೆ ಇಳಿದವರಿಗೆ ಈ ಕಾಟವಿಲ್ಲ. ಅಷ್ಟಮಿ-ನವಮಿಗೆ ನಡುಹಗಲಲ್ಲಿ ಇಳಿತ ಸಿಗುತ್ತದೆ; ಪಂಚಾಂಗ ನೋಡುವ ಮೀನುಗಾರರ ಮನೆಯ ಮಕ್ಕಳಿಗೂ ಇದು ಗೊತ್ತು. ಗೊತ್ತಿಲ್ಲದಿರುವುದು ಊರ ಹೊರಗಿನಿಂದ ಬರುವವರಿಗೆ. ಅವರಿಗಾಗಿಯೇ ಹಲಗೆ ಕೇಳುತ್ತಿದ್ದೇವೆ.

ಲೆಕ್ಕ ಹಾಕಲು ವಿಜ್ಞಾನಿಗಳನ್ನೂ ನೇಮಿಸಬೇಕಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆ ಕಾರವಾರ ಬಂದರಿನ ಭರತ-ಇಳಿತದ ಪಟ್ಟಿಯನ್ನು ವರ್ಷಕ್ಕೆ ಮೊದಲೇ ಅಚ್ಚು ಹಾಕುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ದೊಡ್ಡ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಎರಡನ್ನೂ ನೋಡಿ ಬೆಳಿಗ್ಗೆ ಸೀಮೆಸುಣ್ಣದಲ್ಲಿ ನಾಲ್ಕು ಅಂಕಿ ಬರೆಯುವ ಕೆಲಸ.

ಇನ್ನು ಈ ಪತ್ರ ಬರೆಯುವ ಹಾಗೆ ಮಾಡಿದ ಸಂಗತಿ. ಹಲಗೆ ನೆಡಿಸಿ ಎಂದು ಕೊಟ್ಟ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆಯಿತು. ಒಬ್ಬರು ಜಾಗ ಅರಣ್ಯದ್ದು ಎಂದರು, ಇನ್ನೊಬ್ಬರು ಕಂದಾಯದ್ದು ಎಂದರು. ಕೊನೆಗೆ ಬಂದ ಉತ್ತರದ ಸಾರಾಂಶ: ಈ ಜಾಗ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯಲ್ಲಿದೆ, ಕಂಬ ನೆಡುವಂತಿಲ್ಲ. ಕಾನೂನಿಗೆ ತಲೆಬಾಗಿ ಸುಮ್ಮನಾದೆವು. ಅದಾಗಿ ಸ್ವಲ್ಪ ದಿನಕ್ಕೆ, ಹಲಗೆ ಕೇಳಿದ್ದ ಅದೇ ತಿರುವಿನಲ್ಲಿ, ಎರಡು ಕಬ್ಬಿಣದ ಕಂಬ ಹೂತು, ಬುಡಕ್ಕೆ ಕಾಂಕ್ರೀಟು ಸುರಿದು, ಪ್ರವಾಸಿಗರಿಗೆ ಹಾರ್ದಿಕ ಸ್ವಾಗತ ಕೋರುವ ಫ್ಲೆಕ್ಸ್ ಎದ್ದಿತು. ನಮಸ್ಕಾರ ಮಾಡುವ ಭಂಗಿಯಲ್ಲಿ ಒಂದು ಸಾಲು ಗಣ್ಯರು. ಕಡಲು ಎಷ್ಟು ಹೊತ್ತಿಗೆ ಏರುತ್ತದೆ ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ. ಆ ಕಂಬಗಳಿಗೆ ಸಿಆರ್‌ಝೆಡ್ ಅನ್ವಯಿಸುವುದಿಲ್ಲವೇನೋ. ನಗುಮುಖಕ್ಕೆ ವಿನಾಯಿತಿ ಇರಬಹುದು. ಫ್ಲೆಕ್ಸಿನ ಹಿಂಬದಿ ಪೂರ್ತಿ ಖಾಲಿ ಇತ್ತು. ಅಲ್ಲಾದರೂ ಬರೆಯಬಹುದಿತ್ತಲ್ಲ!

2019ರ ಸಿಆರ್‌ಝೆಡ್ ಅಧಿಸೂಚನೆಯಲ್ಲಿ ಏನಿದೆ ಎಂದು ತಮಗೆ ನಾವು ಹೇಳಿಕೊಡಬೇಕಿಲ್ಲ. ಭರತದ ಗೆರೆಯಿಂದ 10 ಮೀಟರ್ ಬಿಟ್ಟು ತಾತ್ಕಾಲಿಕ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು, ಕೂರುವ ಜಾಗಕ್ಕೆಲ್ಲ ಅವಕಾಶವಿದೆ. ಶೌಚಾಲಯಕ್ಕಿರುವ ಅವಕಾಶ ಒಂದು ಹಲಗೆಗೆ ಇಲ್ಲವೆ?

2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಆಮೇಲೆ ಆ ಕಡಲತೀರಕ್ಕೆ ಪ್ರವಾಸಿಗರ ಪ್ರವೇಶವನ್ನೇ ನಿಲ್ಲಿಸಲಾಯಿತು. ಪ್ರವೇಶ ನಿಲ್ಲಿಸುವುದು ಸುಲಭ, ಒಂದು ಆದೇಶ ಸಾಕು. ಆದರೆ ಗೋಕರ್ಣದ ಗುಡ್ಡಕ್ಕೆ ಗೇಟು ಹಾಕಲು ಬರುವುದಿಲ್ಲ. ಇತ್ತ ಮುಚ್ಚಿದರೆ ಅತ್ತ ಹತ್ತುತ್ತಾರೆ. ಸಾವಾದ ಮೇಲೆ ಮುಚ್ಚುವ ಬದಲು ಸಾವಿಗೆ ಮುಂಚೆ ಹಲಗೆ ಹಾಕಿ.

ಹಲಗೆ ಹೇಗಿರಬೇಕು ಎಂದೂ ಬರೆದುಕೊಡುತ್ತೇವೆ, ಟೆಂಡರಿನಲ್ಲಿ ಹಾಳಾಗಬಾರದೆಂದು. ಕಬ್ಬಿಣದ ತಗಡು ಬೇಡ, ಉಪ್ಪುಗಾಳಿಗೆ ಬಣ್ಣದಡಿಯಲ್ಲೇ ತುಕ್ಕು ಹಿಡಿದು ಮೊದಲು ಬೋಲ್ಟು ಉದುರುತ್ತದೆ. ಚೀರೆಕಲ್ಲಿನ ಎದೆಮಟ್ಟದ ಗೋಡೆ ಕಟ್ಟಿ, ಗಾರೆ ಬಳಿದು ಕಪ್ಪು ಬಣ್ಣ ಹಚ್ಚಿದರೆ ಮಳೆಗಾಲ ತಡೆಯುತ್ತದೆ. ಅದರಲ್ಲಿ ಇವತ್ತಿನ ಇಳಿತದ ಹೊತ್ತು, ಭರತದ ಹೊತ್ತು, "ಈ ಹೊತ್ತಿನ ನಂತರ ಬಂಡೆಗೆ ಇಳಿಯಬೇಡಿ" ಎಂಬ ಸಾಲು, ಜಾಗದ ಸಂಖ್ಯೆ, ತುರ್ತು ಕರೆಗೆ 112, ಕರಾವಳಿ ಕಾವಲು ಪೊಲೀಸರ 1093. ಜಾಗದ ಸಂಖ್ಯೆ ಮುಖ್ಯ. ಬಿದ್ದವರ ಜೊತೆಗಾರರು ಫೋನು ಮಾಡಿ "ದೊಡ್ಡ ಬಂಡೆ ಹತ್ತಿರ" ಎನ್ನುತ್ತಾರೆ. ಅಲ್ಲಿ ಇರುವುದೆಲ್ಲ ದೊಡ್ಡ ಬಂಡೆಯೇ. ಪಕ್ಕದಲ್ಲಿ ಮುಳುಗುವವರಿಗೆ ಎಸೆಯುವ ತೇಲುವ ಬಳೆಯೊಂದು, ಅದಕ್ಕೆ ನೀರಲ್ಲಿ ಮುಳುಗದ 30 ಮೀಟರ್ ಹಗ್ಗ.

ಬೇಲೆಕಾನ ದಾಟಿ ತದಡಿ ಸೇರಿದವರದು ಬೇರೆಯೇ ಗೋಳು. ಅಲ್ಲಿಂದ ನದಿಯಾಚೆಯ ಅಘನಾಶಿನಿ ಊರಿಗೆ ದಾಟುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ದಾರಿಯಲ್ಲಿ ಎಲ್ಲೂ ಬರೆದಿಲ್ಲ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಕತ್ತಲು. ದೋಣಿ ತಪ್ಪಿದರೆ ಎದುರಿಗೇ ಕಾಣುವ ಊರಿಗೆ ಮಾದನಗೇರಿ, ಮಿರ್ಜಾನ, ಕುಮಟಾ ಸುತ್ತಿಕೊಂಡು ಹೋಗಬೇಕು. ಕೊನೆಯ ದೋಣಿ ಹಿಡಿಯುವ ಆತುರಕ್ಕೇ ಜನ ಮೇಲಿನ ದಾರಿ ಬಿಟ್ಟು ಬಂಡೆಗೆ ಇಳಿಯುತ್ತಾರೆ, ಇದನ್ನೂ ಗಮನಿಸಿ. ಅಘನಾಶಿನಿ ಅಳಿವೆಗೆ 2024ರಲ್ಲಿ ಮಹತ್ವದ ಜೌಗುಭೂಮಿಗಳಿಗೆ ಸಿಗುವ ರಾಮ್ಸಾರ್ ಪಟ್ಟ ಬಂತು, ಸಂತೋಷ. ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಅಳಿವೆಯ ದಡದಲ್ಲಿ ದೋಣಿಯ ಹೊತ್ತು ಬರೆದ ಹಲಗೆ ಇದ್ದರೆ ಮಾನ್ಯತೆಗೇನೂ ಕುಂದು ಬರಲಿಕ್ಕಿಲ್ಲ.

ಮಳೆಗಾಲದಲ್ಲಿ ಈ ದಾರಿಯಲ್ಲಿ ಯಾರೂ ನಡೆಯಬಾರದು, ಅದಕ್ಕೆ ನಿಷೇಧ ಹಾಕಿದರೆ ನಮ್ಮ ತಕರಾರಿಲ್ಲ. ಅಕ್ಟೋಬರಿನಲ್ಲಿ ಕಡಲು ತಣಿದ ಮೇಲೆ ಜನ ಬರುತ್ತಾರೆ. ಅಷ್ಟರೊಳಗೆ ಓಂನ ದಕ್ಷಿಣ ತುದಿ, ಹಾಫ್ ಮೂನ್, ಪ್ಯಾರಡೈಸಿನ ಇಳಿಜಾರು, ತದಡಿಯ ದೋಣಿಕಟ್ಟೆ, ಈ ನಾಲ್ಕು ಕಡೆ ಹಲಗೆ ನಿಲ್ಲಬೇಕು. ಬಣ್ಣ, ಸೀಮೆಸುಣ್ಣ ನಾವೇ ತರುತ್ತೇವೆ. ದಿನಾ ಬರೆಯಲು ಊರಿನ ಹುಡುಗರಿದ್ದಾರೆ. ತಮ್ಮಿಂದ ಬೇಕಿರುವುದು ಒಂದು ಸಹಿ.

ಇತಿ,
ಈ ದಾರಿಯನ್ನು ಬಲ್ಲ ಊರಿನವರು