ಇನ್ನೂರ ಒಂಬತ್ತು ತಲೆ: ಸೆನೆಟರ್ ಲೀಸಾ ಮರ್ಕೌಸ್ಕಿ ಅವರಿಗೆ ಬಹಿರಂಗ ಪತ್ರ

ಮಾನ್ಯ ಸೆನೆಟರ್ ಅವರಿಗೆ,

ನಮಸ್ಕಾರ. ನಾನು ಅಮೆರಿಕದ ಅಲಾಸ್ಕ ರಾಜ್ಯದ ಆಂಕರೇಜ್‌ನಲ್ಲಿರುವ ನಿಮ್ಮ ಒಬ್ಬ ಮತದಾರ. ಹುಟ್ಟಿ ಬೆಳೆದದ್ದು ಉಳ್ಳಾಲದಲ್ಲಿ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಆಗಲೇ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುವುದಕ್ಕೆ ಕಾರಣ ನನ್ನ ಭಾವ. ನದಿ ಕೊರೆಯುತ್ತಿದ್ದ ಅಲಾಸ್ಕದ ಒಂದು ಹಳ್ಳಿಯನ್ನು ಸ್ಥಳಾಂತರಿಸಿದ ಕತೆಯನ್ನು ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲ ಮಾರಾಯ, ಇನ್ನೂರು ಜನಕ್ಕೆ ಇಷ್ಟೊಂದು ದುಡ್ಡಾ?" ವಾಷಿಂಗ್ಟನ್‌ನಲ್ಲಿ ಕೇಳುವುದೂ ಇದೇ ಪ್ರಶ್ನೆಯನ್ನು. ಮಾತು ಸ್ವಲ್ಪ ನಾಜೂಕು, ಅಷ್ಟೇ.

ನಾನು ಹೇಳಿದ ಹಳ್ಳಿ ನ್ಯೂಟಾಕ್. ನಿಮಗೆ ಗೊತ್ತಿರುವ ಊರೇ, ಊರಿನ ನಮ್ಮವರಿಗಾಗಿ ವಿವರಿಸುತ್ತೇನೆ. ಆಂಕರೇಜ್‌ನಿಂದ ಬೆಥೆಲ್‌ಗೆ ವಿಮಾನ, ಸುಮಾರು 640 ಕಿ.ಮೀ. ಅಲ್ಲಿಂದ ಪುಟ್ಟ ವಿಮಾನದಲ್ಲಿ ಇನ್ನೂ 150 ಕಿ.ಮೀ. ರಸ್ತೆ ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಸ್ನೋಮೊಬೈಲ್. ಯೂಕಾನ್ ಮತ್ತು ಕಸ್ಕೊಕ್ವಿಮ್ ನದಿಗಳು ಬೇರಿಂಗ್ ಸಮುದ್ರ ಸೇರುವ ಜಾಗದ ಚಪ್ಪಟೆ ನೆಲ ಅದು. ಎಲ್ಲಿ ನೋಡಿದರೂ ಕೆರೆ, ಕುಂಟೆ, ಹುಲ್ಲು. ಮರ ಅನ್ನೋದು ಇಲ್ಲ. ಜನ ಓಡಾಡುತ್ತಿದ್ದುದು ಕೆಸರಿನ ಮೇಲೆ ಹಾಸಿದ ಹಲಗೆಗಳ ಮೇಲೆ. ಮನೆಗಳಿಗೆ ನಲ್ಲಿ ಇರಲಿಲ್ಲ, ಶೌಚಕ್ಕೆ ಬಕೆಟ್.

ಆ ಜಾಗದಲ್ಲಿ ಊರು ಕಟ್ಟಬೇಕು ಅಂತ ಅಲ್ಲಿನ ಮೂಲನಿವಾಸಿಗಳಾದ ಯೂಪಿಕ್ ಜನ ಹಟ ಹಿಡಿದಿರಲಿಲ್ಲ. ಅವರು ಕಾಲಕ್ಕೆ ತಕ್ಕಂತೆ ಜಾಗ ಬದಲಿಸುತ್ತಿದ್ದವರು. ಮೀನಿನ ಕಾಲಕ್ಕೆ ಒಂದು ಕಡೆ, ಚಳಿಗೆ ಇನ್ನೊಂದು ಕಡೆ. 1958ರಲ್ಲಿ ಸರ್ಕಾರ ಅಲ್ಲಿ ಶಾಲೆ ಕಟ್ಟಿತು. ಸಾಮಾನು ಹೊತ್ತ ದೊಡ್ಡ ದೋಣಿ ಹೊಳೆಯಲ್ಲಿ ಎಲ್ಲಿವರೆಗೆ ಬರಬಲ್ಲದೋ ಅಲ್ಲೇ ಶಾಲೆ. ಮಕ್ಕಳು ಶಾಲೆಗೆ ಬರಲೇಬೇಕು ಅಂದಮೇಲೆ ಅಪ್ಪ ಅಮ್ಮಂದಿರೂ ಅಲ್ಲೇ ನಿಂತರು. ಅಂದರೆ ಊರಿನ ಜಾಗ ಆರಿಸಿದ್ದು ದೋಣಿ!

ಆಮೇಲೆ ನಿಂಗ್ಲಿಕ್ ನದಿ ಊರನ್ನು ತಿನ್ನಲು ಶುರುಮಾಡಿತು. ವರ್ಷಕ್ಕೆ ಸರಾಸರಿ 70 ಅಡಿ. ಒಳಗೆ ಹೆಪ್ಪುಗಟ್ಟಿದ್ದ ನೆಲ ಕರಗುತ್ತಾ ಬಂದಹಾಗೆ ದಂಡೆ ಗೋಡೆ ಕುಸಿದಂತೆ ಕುಸಿಯುತ್ತದೆ. ಕಸದ ಗುಂಡಿ ಹೋಯಿತು, ದೋಣಿ ನಿಲ್ಲುವ ಜಾಗ ಹೋಯಿತು. ಉಳ್ಳಾಲದವನಿಗೆ ಕಡಲ್ಕೊರೆತ ಹೊಸದಲ್ಲ. ಪ್ರತಿ ಮಳೆಗಾಲ ಲಾರಿಗಟ್ಟಲೆ ಕಲ್ಲು ಸುರಿಯುವುದನ್ನು ನೋಡಿಕೊಂಡೇ ಬೆಳೆದವರು ನಾವು. ನ್ಯೂಟಾಕ್‌ನಲ್ಲಿ ಸುರಿಯೋಣ ಅಂದರೆ ಕಲ್ಲೇ ಇಲ್ಲ.

ಈಗ ಭಾವನ ಪ್ರಶ್ನೆಗೆ ಬರುತ್ತೇನೆ. ಊರು ಸ್ಥಳಾಂತರಕ್ಕೆ ಸೇನೆಯ ಎಂಜಿನಿಯರುಗಳು ಹಿಂದೆ ಹಾಕಿದ್ದ ಅಂದಾಜು 8ರಿಂದ 13 ಕೋಟಿ ಡಾಲರ್. ಜನ ಆಗ ಹೆಚ್ಚುಕಡಿಮೆ 350. ಭಾಗಿಸಿ ನೋಡಿದರೆ ತಲೆಗೆ ಮೂರೂವರೆ ಲಕ್ಷ ಡಾಲರ್ ದಾಟಿದರೂ ದಾಟಿತು. ಈ ಭಾಗಾಕಾರ ಮಾಡಿದವರೆಲ್ಲ ಹುಬ್ಬೇರಿಸಿದರು. ಇಷ್ಟು ಖರ್ಚಿಗೆ ಇಷ್ಟು ಲಾಭ ಅಂತ ತೂಗುವ ತಕ್ಕಡಿಯಲ್ಲಿ ಸಣ್ಣ ಊರು ಯಾವತ್ತೂ ಮೇಲಕ್ಕೇ ಏಳುತ್ತದೆ. ಊರಿನವರು ಕೇಳಿದ್ದ ವಿಪತ್ತು ಘೋಷಣೆಗೂ 2017ರಲ್ಲಿ ಇಲ್ಲ ಅಂದರು. ಒಂದೇ ರಾತ್ರಿಯಲ್ಲಿ ಮನೆ ಹೋದರೆ ಅದು ವಿಪತ್ತು. ಇಪ್ಪತ್ತು ವರ್ಷದಲ್ಲಿ ಹೋದರೆ ಫೈಲು, ಅಲ್ವಾ?

ಜನಸಂಖ್ಯೆಯ ಅಂಕಿಯನ್ನೇ ನೋಡಿ. 2000ದಲ್ಲಿ 321. 2010ರಲ್ಲಿ 354. 2020ರಲ್ಲಿ 209. ಸುಮ್ನೆ ಓದಿದವರಿಗೆ ಜನ ಊರು ಬಿಟ್ಟು ಹೋಗುತ್ತಿದ್ದಾರೆ ಅನ್ನಿಸುತ್ತದೆ. ಆದದ್ದೇ ಬೇರೆ. 2019ರ ಅಕ್ಟೋಬರಿನಲ್ಲಿ ಊರಿನ ಸುಮಾರು ಮೂರನೇ ಒಂದು ಪಾಲು ಹೊಳೆಯಾಚೆಯ ಮೆರ್ತಾರ್ವಿಕ್‌ಗೆ ದಾಟಿತ್ತು. ನೆಲ್ಸನ್ ದ್ವೀಪದಲ್ಲಿ, 14 ಕಿ.ಮೀ. ದೂರದಲ್ಲಿ, ಗಟ್ಟಿ ಕಲ್ಲಿನ ನೆಲ. ಹೆಸರಿನ ಅರ್ಥ 'ನೀರು ತರುವ ಜಾಗ'. ಅದಕ್ಕೆ ಜಮೀನು ಕೊಡುವ ಕಾನೂನು ಆದದ್ದು 2003ರಲ್ಲಿ. ಮೊದಲ ಕುಟುಂಬಗಳು ದಾಟಲು ಹದಿನಾರು ವರ್ಷ, ಕೊನೆಯವರು ದಾಟಿದ್ದು 2024ರಲ್ಲಿ. ಜನ ಎಲ್ಲೂ ಕಳೆದುಹೋಗಿರಲಿಲ್ಲ. ಎಣಿಕೆಯವರು ಬರುವ ಹೊತ್ತಿಗೆ ಊರು ಎರಡಾಗಿತ್ತು.

ಇನ್ನೊಂದು ತಮಾಷೆ ಇದೆ. ಇಡೀ ಅಮೆರಿಕದ 2020ರ ಜನಗಣತಿ ಶುರುವಾದದ್ದೇ ಈ ದ್ವೀಪದ ಟೋಕ್ಸುಕ್ ಬೇ ಎಂಬ ಹಳ್ಳಿಯಲ್ಲಿ, ಜನವರಿ 21ರಂದು. ಗಣತಿ ಇಲಾಖೆಯ ಮುಖ್ಯಸ್ಥರೇ ಹೋಗಿ 90 ವರ್ಷದ ಅಜ್ಜಿಯೊಬ್ಬರನ್ನು ಮೊದಲು ಎಣಿಸಿದರು. ನೆಲ ಹೆಪ್ಪುಗಟ್ಟಿರುವಾಗಲೇ ಓಡಾಟ ಸುಲಭ, ವಸಂತ ಬಂದರೆ ಜನ ಬೇಟೆಗೆ, ಮೀನಿಗೆ ಹೊರಡುತ್ತಾರೆ, ಅದಕ್ಕೇ ಈ ಏರ್ಪಾಡು. ಎಣಿಸುವುದಕ್ಕೆ ಎಲ್ಲರಿಗಿಂತ ಮೊದಲು ಬರುತ್ತೀರಿ. ಕಲ್ಲು, ಮರ, ದುಡ್ಡು ತರುವಾಗ?

ಯೂಪಿಕ್ ಭಾಷೆಯಲ್ಲಿ ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ ನಡೆಯುತ್ತದೆ. ಇಪ್ಪತ್ತಕ್ಕೆ ಅವರ ಮಾತು 'ಯುಯಿನಾಕ್'. ಅದರ ಬೇರು 'ಯುಕ್', ಅಂದರೆ ಮನುಷ್ಯ. ಕೈಕಾಲಿನ ಬೆರಳೆಲ್ಲ ಸೇರಿದರೆ ಪೂರ್ತಿ ಒಬ್ಬ ಮನುಷ್ಯ. ನಿಮ್ಮ 209 ಆ ಲೆಕ್ಕದಲ್ಲಿ ಹತ್ತು ಮನುಷ್ಯರು, ಮೇಲೆ ಒಂಬತ್ತು ಬೆರಳು.

ಕಳೆದ ಅಕ್ಟೋಬರಿನ, ಅಂದರೆ 2025ರ ಮಾತು. ಹಾಲಾಂಗ್ ಚಂಡಮಾರುತದ ಬಾಲ ಅದೇ ಸೀಮೆಯ ಕಿಪ್ನುಕ್, ಕ್ವಿಗಿಲ್ಲಿಂಗೊಕ್ ಹಳ್ಳಿಗಳಿಗೆ ಬಡಿಯಿತು. ಮನೆಗಳು ಒಳಗಿದ್ದ ಜನರ ಸಮೇತ ತೇಲಿಹೋದವು. ಆ ಸೀಮೆಯಿಂದ ಸಾವಿರಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಎತ್ತಿ ತಂದರು. ಅವರಲ್ಲಿ ಆಂಕರೇಜ್‌ಗೆ ಬಂದವರಿಗೆ ನಾನು ಒಂದು ಸಂಜೆ ಊಟ ಬಡಿಸಲು ಹೋಗಿದ್ದೆ. ಒಬ್ಬ ಅಜ್ಜಿ ಪಾಸ್ತಾ ಪ್ಲೇಟನ್ನು ತೊಡೆ ಮೇಲಿಟ್ಟುಕೊಂಡು ತಿನ್ನದೆ ಕೂತಿದ್ದರು. ಏನಾದರೂ ಬೇರೆ ಬೇಕಾ ಅಂದೆ. ಮನೆ ಹೋಯಿತು ಅಂತ ಅವರು ಹೇಳಲಿಲ್ಲ. ಫ್ರೀಜರ್ ಹೋಯಿತು ಅಂದರು. ಬೇಸಿಗೆಯಲ್ಲಿ ಬಾಗಿ ಬಾಗಿ ಕಿತ್ತ ಬೆರಿ ಹಣ್ಣು, ಸೀಲ್ ಎಣ್ಣೆ, ಒಣಮೀನು, ಮೂಸ್ ಮಾಂಸ. ಬೆರಳು ಮಡಚಿ ಲೆಕ್ಕ ಹೇಳಿದರು. ಇಡೀ ವರ್ಷದ ಊಟ ಅದು. ಖರ್ಚು-ಲಾಭದ ಪಟ್ಟಿಯಲ್ಲಿ ಆ ಫ್ರೀಜರ್ ಎಷ್ಟಕ್ಕೆ ಬರೆಯುತ್ತಾರೋ! ಕಿಪ್ನುಕ್‌ನ ಕೊರೆತ ತಡೆಯಲು ಮಂಜೂರಾಗಿದ್ದ 2 ಕೋಟಿ ಡಾಲರನ್ನು ಕೇಂದ್ರ ಸರ್ಕಾರ ಆ ಮೇ ತಿಂಗಳಲ್ಲಷ್ಟೇ ರದ್ದು ಮಾಡಿತ್ತು. ರದ್ದಾಗದಿದ್ದರೂ ಅಕ್ಟೋಬರಿನೊಳಗೆ ಕೆಲಸ ಮುಗಿಯುತ್ತಿರಲಿಲ್ಲ, ಒಪ್ಪುತ್ತೇನೆ. ತಡವಾಗಿ ಶುರುಮಾಡಿದರೆ ಯಾವಾಗಲೂ ಹೀಗೇ ಆಗುವುದು.

2010ರಲ್ಲಿ ಮತಪತ್ರದ ಮೇಲೆ ನಿಮ್ಮ ಹೆಸರೇ ಇರಲಿಲ್ಲ. ಜನ ಕೈಯಾರೆ ಬರೆದು ಗೆಲ್ಲಿಸಿದರು, ಈ ಹಳ್ಳಿಗಳವರೂ ಬರೆದರು. ಈಗ ಸೆನೆಟ್‌ನಲ್ಲಿ ಮೂಲನಿವಾಸಿಗಳ ವ್ಯವಹಾರ ಸಮಿತಿಯ ಅಧ್ಯಕ್ಷರು ನೀವು. ಆ ಸಲಿಗೆಯಿಂದ ಕೇಳುತ್ತಿದ್ದೇನೆ: ಊರು ಸ್ಥಳಾಂತರದ ವೆಚ್ಚವನ್ನು ತಲೆಯಿಂದ ಭಾಗಿಸುವುದನ್ನು ಕಾನೂನಿನಲ್ಲೇ ನಿಲ್ಲಿಸಿ. ನಿಧಾನದ ಕೊರೆತವನ್ನೂ ವಿಪತ್ತು ಅಂತ ಬರೆಯಿಸಿ. ಹತ್ತು ಇಲಾಖೆಗಳ ಬಾಗಿಲು ಬಡಿಯುವ ಬದಲು ಒಂದು ಇಲಾಖೆಗೆ ಹೊಣೆ ಕೊಡಿ.

ಜೊತೆಗೆ ಒಂದು ಪ್ರಶ್ನೆ. 2030ಕ್ಕೆ ಮತ್ತೆ ಗಣತಿ. ಕಿಪ್ನುಕ್‌ನವರು ಆಗಲೂ ಆಂಕರೇಜ್‌ನ ಬಾಡಿಗೆ ಮನೆಗಳಲ್ಲೇ ಇದ್ದರೆ ಅವರನ್ನು ಯಾವ ಊರಿನ ಲೆಕ್ಕಕ್ಕೆ ಸೇರಿಸುತ್ತೀರಿ? ಆಂಕರೇಜ್‌ಗೆ ಸೇರಿಸಿದರೆ ಹಳ್ಳಿಯ ಅಂಕಿ ಇಳಿಯುತ್ತದೆ. ಅಂಕಿ ಇಳಿದರೆ ತಲೆಯ ಖರ್ಚು ಏರುತ್ತದೆ. ಆಗ ನನ್ನ ಭಾವ ಮತ್ತೆ ಅದೇ ಮಾತು ಕೇಳುತ್ತಾರೆ. ಉತ್ತರ 2029ರೊಳಗೆ ಬಂದರೆ ಉಪಕಾರವಾಗುತ್ತದೆ.

ಇಂತಿ,
ಆಂಕರೇಜ್‌ನಲ್ಲಿರುವ ಒಬ್ಬ ಉಳ್ಳಾಲದವ