ಗೋಟಡಿಕೆ ಮತ್ತು ನಿನ್ನ ಪೆನ್ನು

ಪ್ರೀತಿಯ ಪುಟ್ಟೀ,

ಇಲ್ಲಿ ಹತ್ತು ದಿನದಿಂದ ಹಿಡಿದ ಮಳೆ ಬಿಟ್ಟಿಲ್ಲ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊನ್ನೆ ನಿನ್ನ ಕೋಣೆಯ ಬೀರುವಿಗೆ ಬೂಸಲು ಬಂದಿದೆಯಾ ಅಂತ ನೋಡಲು ಹೋದವಳಿಗೆ ನೀನು ಬಿಟ್ಟು ಹೋದ ಪೆನ್ನಿನ ಡಬ್ಬಿ ಸಿಕ್ಕಿತು. ಮೂರು ಮೈಕ್ರಾನ್ ಡ್ರಾಯಿಂಗ್ ಪೆನ್ನು, ಅದರಲ್ಲಿ ಒಂದು ತೀರಾ ಸಣ್ಣ ಮೂತಿಯ 005. ಹಳೇ ಕ್ಯಾಲೆಂಡರಿನ ಹಿಂದೆ ಒಂದು ಚುಕ್ಕೆ ಇಟ್ಟು ನೋಡಿದೆ. ಇಂಕು ಬಂತು. ಇನ್ನೊಂದು ಇಟ್ಟೆ. ಹಾಗೇ ನೆಲದ ಮೇಲೆ ಕೂತುಬಿಟ್ಟೆ.

ನಿನಗೆ ಹೇಳಿದ್ದೆನೋ ಇಲ್ಲವೋ, ಶಿವಮೊಗ್ಗದಲ್ಲಿ ಬಿಎಸ್ಸಿ ಓದುವಾಗ ನಾನು ಸ್ಟಿಪ್ಲಿಂಗ್, ಅಂದರೆ ಬರೀ ಚುಕ್ಕೆ ಇಟ್ಟು ಚಿತ್ರ ಬರೆಯುವುದು, ಮಾಡುತ್ತಿದ್ದೆ. ಬಾಟನಿ ರೆಕಾರ್ಡಿನಲ್ಲಿ ಪೆನ್ಸಿಲ್ ತಿಕ್ಕಿ ಶೇಡ್ ಮಾಡಲು ಬಿಡುತ್ತಿರಲಿಲ್ಲ, ನೆರಳು ಬೇಕಾದಲ್ಲಿ ಚುಕ್ಕೆ ಇಡಿ ಅನ್ನುತ್ತಿದ್ದರು. ಅದರ ಬೇರು ಹಳೇ ಅಚ್ಚಿನ ಮನೆಯಲ್ಲಿದೆ. ಅಲ್ಲಿ ಚಿತ್ರ ಅಚ್ಚೊತ್ತುವ ಬ್ಲಾಕಿಗೆ ಬೂದು ಬಣ್ಣ ಬರುತ್ತಿರಲಿಲ್ಲ. ಒಂದು ಜಾಗದಲ್ಲಿ ಮಸಿ ಇರಬೇಕು, ಇಲ್ಲ ಇರಬಾರದು, ಅಷ್ಟೇ. ಪೆನ್ಸಿಲಿನ ಶೇಡ್ ಅಚ್ಚು ಮಾಡಬೇಕಾದರೆ ಅದನ್ನು ಸಣ್ಣ ಸಣ್ಣ ಚುಕ್ಕೆಯಾಗಿ ಒಡೆಯುವ ಹಾಫ್‌ಟೋನ್ ಬ್ಲಾಕ್ ಬೇಕಾಗುತ್ತಿತ್ತು. ಚುಕ್ಕೆಯಾದರೆ ಸಾದಾ ಬ್ಲಾಕಿನಲ್ಲೇ ಇದ್ದ ಹಾಗೇ ಮೂಡುತ್ತದೆ, ಬೂದು ಬಣ್ಣವನ್ನು ಓದುವವರ ಕಣ್ಣೇ ಮಾಡಿಕೊಳ್ಳುತ್ತದೆ. ಗಿಡದ, ಕೀಟದ ಹಳೇ ಪುಸ್ತಕಗಳಲ್ಲಿ ಚುಕ್ಕೆ ಚಿತ್ರ ಅಷ್ಟೊಂದು ಇರುವುದು ಅದಕ್ಕೇ.

ನಾನು ರೆಕಾರ್ಡಿಗೆ ನಿಲ್ಲಿಸಲಿಲ್ಲ. ನಿನ್ನ ಮಾವನ ಡ್ರಾಯಿಂಗ್ ಪೆನ್ನು ತಂದು ಜರಿಗಿಡ, ಹಲಸಿನ ತೊಳೆ, ನಮ್ಮಜ್ಜಿ ಎಲೆ ಮಡಿಸುವ ಕೈ, ಎಲ್ಲ ಬರೆದೆ. ಒಬ್ಬರು ಲೆಕ್ಚರರ್ ಕ್ಲಾಸಿನ ಎದುರಿಗೇ ಆ ಪುಸ್ತಕ ಎತ್ತಿ, ಒಂದು ಎಲೆಗೆ ಇಷ್ಟು ಹೊತ್ತು ಹಾಳು ಮಾಡಿದ್ದೀಯಲ್ಲ ಅಂದರು. ಆ ಮಾತು ಒಳಗೆ ಕೂತುಬಿಟ್ಟಿತು. ಆಮೇಲೆ ಮದುವೆ, ತೋಟ, ನೀನು, ಅಜ್ಜಿಯ ಆರೈಕೆ. ಇದು ಪುರುಸೊತ್ತು ಇದ್ದವರ ಕೆಲಸ ಅಂದುಕೊಂಡು ಇಪ್ಪತ್ತಾರು ವರ್ಷ ಮುಟ್ಟಲಿಲ್ಲ.

ಈಗ ಅಡಿಕೆಯ ವಿಷಯ ಹೇಳುತ್ತೇನೆ. ಅಟ್ಟದ ಮೇಲೆ ಗೋಟಡಿಕೆ, ಸಿಪ್ಪೆ ಸಮೇತ ಒಣಗಿಸಿದ ಹಣ್ಣಡಿಕೆ, ಇತ್ತು. ಒಂದನ್ನು ಸುಲಿದು ಅಡಕತ್ತರಿಯಲ್ಲಿ ನೆಟ್ಟಗೆ ಎರಡು ಹೋಳು ಮಾಡಿದೆ. ನೀನು ಹುಟ್ಟಿದಾಗಿನಿಂದ ಅಡಿಕೆ ನೋಡಿದವಳು, ಆದರೂ ಈ ಸಲ ಬಂದಾಗ ಒಂದು ಹೋಳನ್ನು ಕಿಟಕಿಯ ಹತ್ತಿರ ಹಿಡಿದು ನೋಡು. ಹೊರಗಿನ ಕಂದು ಪದರ ಬಿಳಿ ತಿರುಳಿನ ಒಳಗೆ ಕವಲು ಕವಲಾಗಿ ನುಗ್ಗಿರುತ್ತದೆ, ಜೋರು ಮಳೆಯಲ್ಲಿ ಅಂಗಳದ ನೀರು ದಾರಿ ಮಾಡಿಕೊಂಡು ಹೋಗುತ್ತದಲ್ಲ, ಹಾಗೆ. ಬಾಟನಿಯಲ್ಲಿ ಇದಕ್ಕೆ ರೂಮಿನೇಟ್ ಎಂಡೋಸ್ಪರ್ಮ್ ಅನ್ನುತ್ತಾರೆ. ಎಂಡೋಸ್ಪರ್ಮ್ ಅಂದರೆ ಬೀಜದ ತಿರುಳು, ರೂಮಿನೇಟ್ ಅನ್ನುವ ಲ್ಯಾಟಿನ್ ಮೂಲದ ಮಾತಿಗೆ ಅಗಿದದ್ದು, ಮೆಲುಕು ಹಾಕಿದ್ದು ಅಂತ ಅರ್ಥ. ನಾವು ಬಾಯಿಗೆ ಹಾಕುವ ಮೊದಲೇ ಅಡಿಕೆಗೆ ಅಗಿದ ಹೆಸರು ಇದೆ, ಎಷ್ಟು ಚಂದ ಅಲ್ವಾ?

ಮಳೆಗಾಲದಲ್ಲಿ ಕಾಗದದ ಗತಿ ನಿನಗೆ ಗೊತ್ತು. ತೇವ ಕುಡಿದು ಮೆತ್ತಗಾಗಿರುತ್ತದೆ, ಇಂಕು ಹರಡುತ್ತದೆ. ಐವರಿ ಶೀಟನ್ನು ಬಚ್ಚಲೊಲೆಯಿಂದ ಸ್ವಲ್ಪ ದೂರ, ಹೊಗೆ ತಾಗದ ಹಾಗೆ ಬಟ್ಟೆ ತಂತಿಗೆ ಕ್ಲಿಪ್ ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಗರಿಗರಿ ಆಗಿತ್ತು.

ಪೆನ್ಸಿಲಿನಲ್ಲಿ ತೆಳುವಾಗಿ ಹೊರಗೆರೆ ಹಾಕಿಕೊಂಡು, ಬೆಳಕು ಎಡಗಡೆ ಮೇಲಿನಿಂದ ಬೀಳುತ್ತದೆ ಅಂತ ಇಟ್ಟುಕೊಂಡೆ. ವಿಜ್ಞಾನದ ಚಿತ್ರಗಳಲ್ಲಿ ಅದೇ ರೂಢಿ. ಆ 005ರ ಗೆರೆ 0.20 ಮಿ.ಮೀ. ಮಾತ್ರ, ಒತ್ತಿದರೆ ಮೂತಿ ಹಾಳಾಗುತ್ತದೆ, ಸುಮ್ನೆ ಮುಟ್ಟಿ ಎತ್ತಬೇಕು. ಪೆನ್ನು ನೆಟ್ಟಗೆ ನಿಲ್ಲಬೇಕು. ಅವಸರ ಮಾಡಿದರೆ ಚುಕ್ಕೆಗೆ ಬಾಲ ಬರುತ್ತದೆ. ಕಪ್ಪು ಬೇಕು ಅಂತ ಚುಕ್ಕೆ ದಪ್ಪ ಮಾಡುವ ಹಾಗಿಲ್ಲ, ಎಲ್ಲವೂ ಒಂದೇ ಗಾತ್ರ, ಹತ್ತಿರ ಹತ್ತಿರ ಕೂತರೆ ನೆರಳು, ದೂರ ದೂರ ಕೂತರೆ ಬೆಳಕು. ನನಗೆ ಕಷ್ಟ ಆಗಿದ್ದು ಸಾಲು ತಪ್ಪಿಸುವುದು. ಎಷ್ಟೋ ವರ್ಷ ಬಾಗಿಲ ಮುಂದೆ ರಂಗೋಲಿ ಚುಕ್ಕೆ ಇಟ್ಟ ಕೈ, ತಾನಾಗೇ ಸಾಲು ಹಿಡಿಯುತ್ತದೆ. ಇಲ್ಲಿ ಸಾಲು ಬಂತೋ, ಕಣ್ಣು ಅದನ್ನು ಗೆರೆ ಅಂತ ಓದಿಬಿಡುತ್ತದೆ, ಅಡಿಕೆಯ ದುಂಡುತನವೇ ಹೋಗುತ್ತದೆ. ಮೊದಲು ಎಲ್ಲ ಕಡೆ ತೆಳುವಾಗಿ ಚೆಲ್ಲಿ, ಕಣ್ಣು ಕಿರಿದು ಮಾಡಿ ನೋಡಿ, ಎಲ್ಲಿ ಸಾಲದೋ ಅಲ್ಲಿಗೆ ಮತ್ತೆ ಹೋಗುತ್ತಿದ್ದೆ. ಅಳಿಸಲು ಬರುವುದಿಲ್ಲ ನೋಡು. ಕಂದು ಕವಲಿನ ತುದಿ ಬಿಳಿಯಲ್ಲಿ ಕರಗುವ ಜಾಗಕ್ಕೆ ಬಂದಾಗ ಉಸಿರು ಹಿಡಿದು ಒಂದೊಂದೇ ಇಟ್ಟೆ. ಅಲ್ಲಿ ಒಂದು ಜಾಸ್ತಿ ಆದರೂ ಬಿಳಿ ಸತ್ತುಹೋಗುತ್ತದೆ.

ಈ ನಾಲ್ಕು ದಿನದಲ್ಲಿ ಎಷ್ಟು ಸಲ ಎದ್ದೆನೋ. ಕುಕ್ಕರ್ ಕೂಗಿತು, ಅಜ್ಜಿಗೆ ಮಾತ್ರೆ ಕೊಟ್ಟೆ, ಮಳೆ ಸ್ವಲ್ಪ ಹೊಳವಾಯಿತು ಅಂತ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯಲು ಬಂದವರಿಗೆ ಚಾ ಮಾಡಿದೆ, ಬಂದು ಕೂತು ಮತ್ತೆ ಚುಕ್ಕೆ ಇಟ್ಟೆ. ಚಿತ್ರಕ್ಕೆ ಏನೂ ಆಗಲಿಲ್ಲ! ವಾಟರ್ ಕಲರ್ ಬಳಿಯುವಾಗ ನಡುವೆ ಎದ್ದರೆ ಅಂಚು ಒಣಗಿ ಕಲೆ ನಿಲ್ಲುತ್ತದೆ. ಉದ್ದ ಗೆರೆ ಎಳೆಯುವಾಗ ಯಾರಾದರೂ ಕರೆದರೆ ಗೆರೆ ತುಂಡಾಗುತ್ತದೆ. ಚುಕ್ಕೆ ಹಾಗಲ್ಲ ಪುಟ್ಟೀ, ಇಟ್ಟ ಕ್ಷಣಕ್ಕೆ ಅದು ಮುಗಿಯಿತು. ಎಲ್ಲಿ ಬೇಕಾದರೂ ಬಿಟ್ಟು ಏಳಬಹುದು, ಎಲ್ಲಿಂದ ಬೇಕಾದರೂ ಹಿಡಿಯಬಹುದು. ಪುರುಸೊತ್ತಿಲ್ಲ ಅಂತ ನಾನು ಬಿಟ್ಟದ್ದು, ಪುರುಸೊತ್ತಿಲ್ಲದವಳಿಗೇ ಹೇಳಿ ಮಾಡಿಸಿದಂಥ ಕೆಲಸವನ್ನು. ಇದು ಹೊಳೆದಾಗ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬೇಜಾರೂ ಆಯಿತು, ಅದಕ್ಕಿಂತ ಜಾಸ್ತಿ ಖುಷಿ ಆಯಿತು.

ಫೋನಿನಲ್ಲಿ ಹೇಳಿದಾಗ ನೀನು, ಓ ಸ್ಯೂರಾ ಮಾಡಿದ್ದಲ್ವಾ ಅಂದೆ. ಆ ಫ್ರೆಂಚ್ ಚಿತ್ರಕಾರನದು ಬಣ್ಣದ ಚುಕ್ಕೆ. ನದಿ ದಡದ ಭಾನುವಾರದ ಆ ದೊಡ್ಡ ಚಿತ್ರಕ್ಕೆ 1884ರಿಂದ 1886ರವರೆಗೆ ಕೂತಿದ್ದ, ಪಕ್ಕಪಕ್ಕ ಇಟ್ಟ ಬಣ್ಣಗಳು ನೋಡುವವರ ಕಣ್ಣಲ್ಲಿ ಬೆರೆಯಲಿ ಅಂತ. ನನ್ನ ಹತ್ತಿರ ಒಂದೇ ಕಪ್ಪು, ಮತ್ತೆ ಚುಕ್ಕೆ ಚುಕ್ಕೆಯ ನಡುವಿನ ಜಾಗ.

ಅದೇ ಫೋನಿನಲ್ಲಿ ನೀನು, ಆಫೀಸು ಬಿಟ್ಟರೆ ರೂಮು, ಬರೆಯಲು ಟೈಮೇ ಸಿಗುವುದಿಲ್ಲಮ್ಮಾ ಅಂದೆ. ಅದನ್ನು ಕೇಳಿದ ಮೇಲೇ ಈ ಪತ್ರ ಬರೆಯಲು ಕೂತಿದ್ದು. ನಿನ್ನ ಎರಡು ಪೆನ್ನನ್ನು ಇದರ ಜೊತೆ ಕಳಿಸುತ್ತಿದ್ದೇನೆ. 005 ನನಗೇ ಇರಲಿ. ಅಡಿಕೆಯ ಇನ್ನೊಂದು ಹೋಳನ್ನೂ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ, ಅದು ನಿನ್ನ ಪಾಲು. ನನ್ನ ಹೋಳಿನ ಬಲಗಡೆ ಇನ್ನೂ ಬಾಕಿ ಇದೆ, ಚೌತಿಗೆ ನೀನು ಬರುವಷ್ಟರಲ್ಲಿ ಆಗುತ್ತದೆ. ಬರುವಾಗ ನಿನ್ನದನ್ನೂ ತಾ, ಎಷ್ಟಾಗಿರುತ್ತದೋ ಅಷ್ಟು.

ನಿನ್ನ
ಅಮ್ಮ