ಆಪರೇಟರ್‌ಗಳ ಕಣ್ಣು, ಕತ್ತಿನ ಕಡೆಗೂ ಗಮನವಿರಲಿ

ಮಾನ್ಯ ಸಂಪಾದಕರೇ,

ಕೈಬರಹದ ಪಹಣಿ ‘ಭೂಮಿ’ ಯೋಜನೆಯಡಿ ಗಣಕೀಕರಣಗೊಂಡು ಎರಡು ದಶಕಗಳು ಕಳೆದಿವೆ. ಇಂದು ಪಹಣಿಯಿಂದ ಹಿಡಿದು ಜಾತಿ, ಆದಾಯ ಪ್ರಮಾಣಪತ್ರಗಳವರೆಗೆ ಎಲ್ಲದಕ್ಕೂ ನಾವು ನಿಲ್ಲುವುದು ಕಂಪ್ಯೂಟರ್ ಆಪರೇಟರ್‌ಗಳ ಎದುರು. ಆದರೆ ಬೆಳಗ್ಗೆಯಿಂದ ಸಂಜೆಯವರೆಗೆ ಪರದೆಯನ್ನೇ ನೋಡುತ್ತ ಕೂರುವ ಇವರು ಎಂಥ ಕುರ್ಚಿಯಲ್ಲಿ, ಎಂಥ ಬೆಳಕಿನಲ್ಲಿ ದುಡಿಯುತ್ತಿದ್ದಾರೆ ಎಂದು ವಿಚಾರಿಸುವವರು ವಿರಳ.

ನಾನು ಕಂಡ ಹಲವು ಕಚೇರಿಗಳಲ್ಲಿ, ಕಡತ ಬರೆಯಲೆಂದು ಮಾಡಿಸಿದ ಎತ್ತರದ ಮೇಜಿನ ಮೇಲೆಯೇ ಕೀಬೋರ್ಡ್ ಇದೆ. ಕೂರಲು ಪ್ಲಾಸ್ಟಿಕ್ ಕುರ್ಚಿ. ಕೀಬೋರ್ಡ್ ಮೊಣಕೈಗಿಂತ ಮೇಲಿದ್ದರೆ ಭುಜವನ್ನು ದಿನವಿಡೀ ಎತ್ತಿ ಹಿಡಿಯಬೇಕಾಗುತ್ತದೆ, ಮಣಿಕಟ್ಟು ಬಾಗಿಯೇ ಇರುತ್ತದೆ. ಕತ್ತು, ಭುಜಗಳ ನೋವಿಗೆ ಇಷ್ಟು ಸಾಕು.

ಕಣ್ಣಿನ ತೊಂದರೆ ಇನ್ನೂ ಸೂಕ್ಷ್ಮವಾದುದು. ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಬಾರಿ ರೆಪ್ಪೆ ಬಡಿಯುವ ನಾವು ಪರದೆ ನೋಡುವಾಗ ಅದಕ್ಕಿಂತ ಬಹಳ ಕಡಿಮೆ ಬಡಿಯುತ್ತೇವೆ. ಹೀಗಾಗಿ ಕಣ್ಣೀರಿನ ಪದರ ಒಣಗಿ ಉರಿ, ಮಂಜು ಶುರುವಾಗುತ್ತದೆ. ಫ್ಯಾನ್ ನೇರ ಮುಖಕ್ಕೆ ಬೀಸುತ್ತಿದ್ದರೆ ಅದು ಮತ್ತಷ್ಟು ಹೆಚ್ಚುತ್ತದೆ. ನಲವತ್ತು ದಾಟಿ ಬೈಫೋಕಲ್ ಕನ್ನಡಕ ಹಾಕಿದವರ ಪಾಡು ಬೇರೆಯೇ: ಕನ್ನಡಕದ ಕೆಳಭಾಗದಿಂದ ಅಕ್ಷರ ಓದಲು ಅವರು ಗದ್ದ ಎತ್ತಿಕೊಂಡೇ ಕೂರುತ್ತಾರೆ. ಮಾನಿಟರನ್ನು ತಗ್ಗಿಸಿದರೆ ಅಥವಾ ಪರದೆಯ ದೂರಕ್ಕೆಂದೇ ಬೇರೆ ಕನ್ನಡಕ ಕೊಡಿಸಿದರೆ ಕತ್ತುನೋವು ಎಷ್ಟೋ ಇಳಿಯುತ್ತದೆ.

ಇವಕ್ಕೆಲ್ಲ ದೊಡ್ಡ ವೆಚ್ಚವೇನೂ ಬೇಕಿಲ್ಲ. ಎತ್ತರ ಹೊಂದಿಸಬಹುದಾದ ಕುರ್ಚಿ, ಕಾಲು ನೆಲಕ್ಕೆ ಎಟುಕದವರಿಗೆ ಒಂದು ಮಣೆ, ಕಿಟಕಿಯ ಬೆಳಕು ಪರದೆಗೆ ಹೊಡೆಯದಂತೆ ಅಡ್ಡಲಾಗಿ ತಿರುಗಿಸಿದ ಮೇಜು ಇದ್ದರಾಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎನ್ನುತ್ತಾರೆ ನೇತ್ರತಜ್ಞರು. ಆದರೆ ಸರ್ವರ್ ನಿಧಾನವಾಗಿ, ಎದುರಿನ ಸರತಿ ಬೆಳೆಯುತ್ತಿರುವಾಗ ಆಪರೇಟರ್ ಒಮ್ಮೆ ತಲೆ ಎತ್ತಿದರೂ ಜನ ರೇಗುತ್ತಾರೆ. ಆದ್ದರಿಂದ ವಿರಾಮವನ್ನು ಅವರವರ ಇಷ್ಟಕ್ಕೆ ಬಿಡದೆ ಕೆಲಸದ ವೇಳಾಪಟ್ಟಿಯಲ್ಲೇ ಸೇರಿಸಬೇಕು. ಯುರೋಪಿನ ದೇಶಗಳು 1990ರ ನಿರ್ದೇಶನದಲ್ಲೇ ಪರದೆ ಮುಂದಿನ ಕೆಲಸಕ್ಕೆ ವಿರಾಮ, ಕಣ್ಣಿನ ತಪಾಸಣೆ, ಅಗತ್ಯವಿದ್ದರೆ ವಿಶೇಷ ಕನ್ನಡಕ ಇವೆಲ್ಲವನ್ನೂ ನೌಕರನಿಗೆ ಖರ್ಚು ಬೀಳದಂತೆ ಒದಗಿಸಬೇಕೆಂದು ವಿಧಿಸಿವೆ.

ಕಂಪ್ಯೂಟರ್ ಖರೀದಿಸುವಾಗಲೇ ತಕ್ಕ ಮೇಜು, ಕುರ್ಚಿಗೂ ಹಣ ತೆಗೆದಿರಿಸಬೇಕು, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ನಡೆಸಬೇಕು ಎಂದು ರಾಜ್ಯ ಸರ್ಕಾರವನ್ನು ಒತ್ತಾಯಿಸುತ್ತೇನೆ. ಹೊರಗುತ್ತಿಗೆ ನೌಕರರು ಇದರಿಂದ ಹೊರಗುಳಿಯದಂತೆ, ತಪಾಸಣೆಯ ವೆಚ್ಚ ಯಾರದೆಂಬುದನ್ನು ಏಜೆನ್ಸಿಗಳೊಂದಿಗಿನ ಕರಾರಿನಲ್ಲೇ ಸ್ಪಷ್ಟವಾಗಿ ಬರೆಯಬೇಕು.

– ಓರ್ವ ನಿವೃತ್ತ ನೌಕರ, ಹಾಸನ